ಸಾಲ ಕೊಟ್ಟವರು ಯಾಕೆ ಕೈ ಎತ್ತಲಿಲ್ಲ?

ನಿನ್ನೆ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ 'ಸಾಲಮುಕ್ತ ಜೀವನ' ಅಂತ ಒಂದು ಗಂಟೆಯ ಕ್ಲಾಸ್ ಇತ್ತು. ಹೊರಗಿನಿಂದ ಕರೆಸಿದ್ದ ಬೋಧಕರು. ಶುರುವಿಗೇ, "ಸಾಲ ಇರುವವರು ಕೈ ಎತ್ತಿ" ಅಂದರು. ತುಂಬಿದ ಸಭೆಯಲ್ಲಿ, ಎಲ್ಲರೆದುರು! ಒಂದೊಂದಾಗಿ ಕೈಗಳು ಎದ್ದವು. ಪೂರ್ತಿ ಅಲ್ಲ, ಕಿವಿಯ ಮಟ್ಟಕ್ಕೆ. ನನ್ನ ಮುಂದಿನ ಬೆಂಚಿನ ಅಕ್ಕ ಕೈ ಎತ್ತಿ ತಲೆ ತಗ್ಗಿಸಿದರು. ಅವರ ಸಾಲ ಯಾತಕ್ಕೆ ಆದದ್ದು ಅಂತ ನನಗೆ ಗೊತ್ತು. ಗಂಡನ ಆಪರೇಷನ್‌ಗೆ.

ಆಮೇಲೆ ಇಡೀ ಗಂಟೆ ಬೈಬಲ್ಲಿನ ಎರಡೇ ವಾಕ್ಯ. ಜ್ಞಾನೋಕ್ತಿ 22:7, ಸಾಲ ಮಾಡಿದವನು ಸಾಲ ಕೊಟ್ಟವನಿಗೆ ಗುಲಾಮ. ರೋಮಾಪುರದವರಿಗೆ 13:8, ಯಾರಿಗೂ ಏನೂ ಸಾಲ ಉಳಿಸಿಕೊಳ್ಳಬೇಡಿ. 'ಪ್ರೀತಿಯ ಋಣವೊಂದನ್ನು ಬಿಟ್ಟು' ಅಂತ ಆ ವಾಕ್ಯ ಮುಂದುವರಿಯುತ್ತೆ. ಅಷ್ಟು ದೂರ ಅವರು ಹೋಗಲಿಲ್ಲ. ಸಾಲಗಾರ ಸೋಮಾರಿ, ಸಾಲಗಾರನಿಗೆ ನಂಬಿಕೆ ಸಾಲದು, ಸಾಲಗಾರನಿಗೆ ಶಿಸ್ತಿಲ್ಲ. ಇಷ್ಟೇ ಸಾರಾಂಶ.

"ಸಾಲ ಕೊಟ್ಟವರು ಕೈ ಎತ್ತಿ" ಅಂತ ಮಾತ್ರ ಕೇಳಲೇ ಇಲ್ಲ.

ವರ್ಷಗಟ್ಟಲೆ ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಬೈಬಲ್ ಪಾಠ ಮಾಡಿದವನು ನಾನು. ಅದಕ್ಕೇ ಮೈ ಉರಿಯಿತು. ಬೈಬಲ್ಲಿನಲ್ಲಿ ಸಾಲದ ಮಾತು ಬಂದಲ್ಲೆಲ್ಲ ಬೈಸಿಕೊಳ್ಳುವವನು ಜಾಸ್ತಿ ಸಲ ಕೊಟ್ಟವನೇ. ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡಿದ್ದೀಯಾ? ಹೊತ್ತು ಮುಳುಗುವ ಮೊದಲು ವಾಪಸ್ ಕೊಡು, ಅವನು ಇನ್ನೇನು ಹೊದ್ದು ಮಲಗಬೇಕು? ಇದು ವಿಮೋಚನಕಾಂಡ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಇನ್ನೂ ಚೆಂದ. ಅಡವು ತಗೊಳ್ಳೋಕೆ ಸಾಲಗಾರನ ಮನೆಯೊಳಗೆ ಕಾಲಿಡಬೇಡ. ಹೊರಗೆ ನಿಂತುಕೋ, ಅವನೇ ತಂದು ಕೊಡಲಿ. ಮನೆಯೊಳಗೆ ಅವನ ಮರ್ಯಾದೆ ಅವನದು. ನಾವೋ, ದೇವರ ಮನೆಯೊಳಗೇ ಕೈ ಎತ್ತಿಸಿ ಎಣಿಸಿದೆವು.

ಬೈಬಲ್ಲಿನ ಕಟ್ಟಳೆ ಪ್ರಕಾರ ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡಬೇಕು. ಐವತ್ತನೇ ವರ್ಷ ಜೂಬಿಲಿ, ಮಾರಿಹೋದ ಹೊಲ ಮೂಲದ ಮನೆತನಕ್ಕೇ ಹಿಂದಿರುಗಬೇಕು. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನ ಕಾಲದಲ್ಲಿ ಹೊಲ, ದ್ರಾಕ್ಷಿತೋಟ ಅಡವಿಟ್ಟು, ಕೊನೆಗೆ ಮಕ್ಕಳನ್ನೂ ಜೀತಕ್ಕೆ ಬಿಟ್ಟು ಜನ ಅತ್ತರು. ಅವನು ಅವರಿಗೆ ಖರ್ಚು ಕಡಿಮೆ ಮಾಡೋ ಕ್ಲಾಸ್ ತಗೊಳ್ಳಲಿಲ್ಲ. ಶ್ರೀಮಂತರನ್ನು ಸಭೆ ಕರೆದು ನಿಲ್ಲಿಸಿ, ಹೊಲ ವಾಪಸ್ ಕೊಡಿ ಅಂದ.

ಕ್ರೈಸ್ತ ಸಭೆಯೂ ನೂರಾರು ವರ್ಷ ಇದೇ ದಾರಿಯಲ್ಲಿತ್ತು. 325ರಲ್ಲಿ ನೈಸೀಯದಲ್ಲಿ ಸೇರಿದ ಮಹಾಸಭೆ ಅಂದರೆ ನಮಗೆ ಚರ್ಚಿನಲ್ಲಿ ಹೇಳುವ ವಿಶ್ವಾಸಪ್ರಮಾಣವೊಂದೇ ನೆನಪು. ಬಡ್ಡಿ ತಿನ್ನುವ ಪಾದ್ರಿಯನ್ನು ಹುದ್ದೆಯಿಂದ ಇಳಿಸಿ ಅಂತಲೂ ಅದೇ ಸಭೆ ನಿಯಮ ಮಾಡಿತ್ತು. 1179ರಲ್ಲಿ ರೋಮಿನಲ್ಲಿ ಸೇರಿದ ಲ್ಯಾಟರನ್ ಮಹಾಸಭೆಯಂತೂ ಊರಿಗೆಲ್ಲ ಗೊತ್ತಿರುವ ಬಡ್ಡಿಕೋರ ಹಾಗೇ ಸತ್ತರೆ ಅವನಿಗೆ ಕ್ರೈಸ್ತ ಸಮಾಧಿಯೇ ಇಲ್ಲ ಅಂದಿತು. ಅವರೂ ಸಂತರೇನಲ್ಲ ಬಿಡಿ, ಕಾನೂನಿನಲ್ಲಿ ಕಿಂಡಿ ಹುಡುಕಿದವರು ಆಗಲೂ ಇದ್ದರು. ಆದರೆ ನಾಚಿಕೆಪಡಬೇಕಾದವನು ಯಾರು ಅನ್ನೋದರಲ್ಲಿ ಗೊಂದಲ ಇರಲಿಲ್ಲ.

ಈಗ ಯಾರಾದರೂ ಕಾಮೆಂಟಿನಲ್ಲಿ ಸಂತ ಬೆಸಿಲ್‌ನ ಹೆಸರು ಹೇಳಿಯೇ ಹೇಳುತ್ತೀರಿ. ಹೌದು, ನಾಲ್ಕನೇ ಶತಮಾನದ ಬಿಷಪ್ ಆತ, ಆಗಲೇ ಸಾಲ ಮಾಡಬೇಡಿ ಅಂತ ಪ್ರಸಂಗ ಮಾಡಿದ್ದಾನೆ. ಒಪ್ಪಿದೆ. ಆದರೆ ಅದೇ ಪ್ರಸಂಗದಲ್ಲಿ ಸಾಲ ಕೊಡುವವನ ಚಿತ್ರವೂ ಇದೆ. ಕಾಸಿಲ್ಲ, ನಾನೇ ಸಾಲ ಹುಡುಕುತ್ತಿದ್ದೇನೆ ಅಂತ ಆಣೆ ಹಾಕುತ್ತಾನೆ. ಬಡ್ಡಿಯ ಮಾತು ಬಂದದ್ದೇ ಮುಖ ಅರಳುತ್ತೆ, ತಂದೆಯ ಕಾಲದ ಸ್ನೇಹವೆಲ್ಲ ನೆನಪಾಗುತ್ತೆ! ನಮ್ಮ ಬೋಧಕರು ಬೆಸಿಲ್‌ನ ಅರ್ಧ ಮಾತ್ರ ಓದಿದ್ದರು. ಹದಿನಾರನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಬಡ್ಡಿಗೆ ಬಾಗಿಲು ತೆರೆದನಲ್ಲ ಅನ್ನುವವರೂ ಇದ್ದಾರೆ. ತೆರೆದ. ಬಡವನ ಹತ್ತಿರ ಬಡ್ಡಿ ಕೇಳಬೇಡಿ ಅಂತ ಷರತ್ತನ್ನೂ ಹಾಕಿದ. ಬಾಗಿಲು ಎಲ್ಲರಿಗೂ ಕಂಡಿತು, ಷರತ್ತು ಯಾರಿಗೂ ಕಾಣಲಿಲ್ಲ.

ಸಾಲ ಬಿಡುತ್ತಾ ಹೋದರೆ ನಾಳೆ ಯಾರು ಕೊಡುತ್ತಾರೆ ಅನ್ನೋ ಬುದ್ಧಿವಂತರಿಗೆ: ಆ ಪ್ರಶ್ನೆ ಹೊಸದೇನಲ್ಲ, ಈ ಕಟ್ಟಳೆಗಳನ್ನು ಕೊಟ್ಟ ಮೋಶೆಗೇ ಹೊಳೆದಿತ್ತು. ಸಾಲ ಬಿಡುವ ಏಳನೇ ವರ್ಷ ಹತ್ತಿರ ಬಂತು ಅಂತ ಕೈ ಬಿಗಿ ಹಿಡಿಯಬೇಡ ಅಂತ ಧರ್ಮೋಪದೇಶಕಾಂಡದ 15ರಲ್ಲೇ ಇದೆ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನೇ ನೋಡಿ. ನಾವು 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತ ಹೇಳಿಕೊಂಡು ಬಂದಿದ್ದೇವೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದಕ್ಕೆ ನೇರ ಅರ್ಥ ಸಾಲ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ. ನಾವು ಪಾಪವನ್ನು ಇಟ್ಟುಕೊಂಡು ಸಾಲವನ್ನು ಮೆಲ್ಲಗೆ ಆಚೆ ಸರಿಸಿದೆವು. ತಪ್ಪಾದರೆ ಮನಸ್ಸಿನಲ್ಲೇ ಕ್ಷಮಿಸಿ ಮುಗಿಸಬಹುದು ಅಲ್ವಾ? ಸಾಲ ಬಿಟ್ಟರೆ ಜೇಬಿಗೇ ತಗುಲುತ್ತೆ.

ಮತ್ತಾಯ 18ರ ಆಳಿನ ಕಥೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ. ಅರಸನಿಗೆ ಅವನು ಕೊಡಬೇಕಾದ ಸಾಲ 10,000 ತಲಾಂತು. ತಲಾಂತು ಆ ಕಾಲದ ಹಣದ ಲೆಕ್ಕ, ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಒಟ್ಟು 6 ಕೋಟಿ ದಿನ, 1,60,000 ವರ್ಷಕ್ಕೂ ಜಾಸ್ತಿ ದುಡಿಯಬೇಕು. ಅರಸ ಅಷ್ಟನ್ನೂ ಬಿಟ್ಟ. ಆಚೆ ಬಂದ ಆಸಾಮಿ, 100 ದಿನದ ಕೂಲಿಯಷ್ಟು ಬಾಕಿ ಇದ್ದ ಜೊತೆಯವನ ಕುತ್ತಿಗೆ ಹಿಡಿದ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಿಜ ಹೇಳಿಬಿಡ್ತೇನೆ. ಚಿಕ್ಕಪ್ಪನ ಮಗನಿಗೆ ನಾನು ದುಡ್ಡು ಕೊಟ್ಟು ಮೂರು ವರ್ಷ ಆಯಿತು. ಬಡ್ಡಿ ಇಲ್ಲ, ಅಷ್ಟು ಒಳ್ಳೆಯವನು ನಾನು! ಆದರೆ ಅವನು ಹೊಸ ಚಪ್ಪಲಿ ಹಾಕಿಕೊಂಡು ಬಂದರೂ ನನ್ನ ತಲೆಯೊಳಗೆ ಲೆಕ್ಕ ಶುರು. ಫೋನಿನಲ್ಲಿ ತಾರೀಕಿನ ಸಮೇತ ಬರೆದಿಟ್ಟಿದ್ದೇನೆ. ಮೊದಲು ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ ಹುಡುಗ, ಈಗ ನನ್ನ ನಂಬರ್ ಕಂಡರೆ ಎತ್ತುವುದಿಲ್ಲ.

ನಿನ್ನೆ ಎದ್ದು ನಿಂತು, "ಸಾರ್, ಕೊಟ್ಟವರನ್ನೂ ಕೇಳಿ" ಅನ್ನಬೇಕು ಅಂತ ಎರಡು ಸಲ ಬೆಂಚಿನ ಮೇಲೆ ಕೈ ಊರಿದೆ. ಅವರು ಕೇಳಿಬಿಟ್ಟಿದ್ದರೆ ಮೊದಲು ಎತ್ತಬೇಕಾದ್ದು ನನ್ನ ಕೈಯೇ. ಸುಮ್ನೆ ಕೂತೆ.