ಬೇಕಾಗಿದ್ದಾರೆ: ಬಿಡುವಾಗಿರುವ ಮೇಷ್ಟ್ರು

ಕೆಲಸಕ್ಕೆ ಜನ ಸಿಗದಿದ್ದರೆ ಕೂಲಿ ಜಾಸ್ತಿ ಮಾಡಬೇಕು ಅನ್ನುವುದು ಗಾರೆ ಮೇಸ್ತ್ರಿಗೂ ಗೊತ್ತಿರುವ ಸಂಗತಿ. ಬ್ರಿಟಿಷರ ಅಂಚೆ ಇಲಾಖೆ ಇದಕ್ಕಿಂತ ಜಾಣ ದಾರಿ ಹುಡುಕಿತು. ಈಗಾಗಲೇ ಬೇರೆಲ್ಲೋ ದುಡಿದು ಉಣ್ಣುತ್ತಿರುವವನನ್ನು ಹಿಡಿದು ತನ್ನ ಕೆಲಸಕ್ಕೂ ಹಚ್ಚಿಬಿಡುವುದು. ಊಟ ಅವನ ಮನೆಯದು, ದುಡಿಮೆ ಇಲಾಖೆಯದು.

ಕಥೆ 1854ರದ್ದು, ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲ. ಆ ವರ್ಷ ಹೊಸ ಅಂಚೆ ಕಾಯ್ದೆ ಬಂತು. ಅಕ್ಟೋಬರ್‌ನಿಂದ ದೇಶಕ್ಕೆಲ್ಲ ಒಂದೇ ಅಂಚೆಚೀಟಿ. ಕಾಲು ತೊಲ ತೂಗುವ ಕಾಗದಕ್ಕೆ ಅರ್ಧ ಆಣೆ. ಪಕ್ಕದ ಪೇಟೆಗೆ ಹೋದರೂ ಅಷ್ಟೇ, ಪೇಶಾವರಕ್ಕೆ ಹೋದರೂ ಅಷ್ಟೇ. ಅಲ್ಲಿಯತನಕ ದೂರ ಅಳೆದು ಕಾಸು ಕೀಳುತ್ತಿದ್ದ ಟಪಾಲು ಏಕಾಏಕಿ ಅಗ್ಗವಾಯಿತು, ಹಳ್ಳಿಗೂ ಅಂಚೆ ಬೇಕಾಯಿತು. ಆಗ ಇಡೀ ದೇಶದಲ್ಲಿ ಇದ್ದದ್ದು ಏಳುನೂರು ಚಿಲ್ಲರೆ ಅಂಚೆ ಕಚೇರಿ. ಹಳ್ಳಿಗೊಬ್ಬ ಗುಮಾಸ್ತನನ್ನು ಕೂರಿಸಿದರೆ ಅವನ ತಿಂಗಳ ಸಂಬಳಕ್ಕೆ ಎಷ್ಟು ಅರ್ಧ ಆಣೆ ಕೂಡಿಸಬೇಕು ಎಂದು ಯಾವನೋ ಸಾಹೇಬ ಲೆಕ್ಕ ಹಾಕಿರಬೇಕು. ಉತ್ತರ ನೋಡಿ ಲೇಖನಿ ಕೆಳಗಿಟ್ಟಿರಬೇಕು.

ಹಾಗೆ ಹುಟ್ಟಿದ ಜೀವಿಯ ಹೆಸರು ‘ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್ ಏಜೆಂಟ್’. ಎಕ್ಸ್‌ಟ್ರಾ ಅಂದರೆ ಇಲ್ಲಿ ಹೆಚ್ಚಿನವನು ಅಂತಲ್ಲ, ಹೊರಗಿನವನು ಅಂತ. ಇಲಾಖೆಯ ಒಳಗಿನ ಕೆಲಸ, ಹೊರಗಿನ ಮನುಷ್ಯ. 1997ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಪದ್ಧತಿಯ ಜಾತಕ ಬರೆದಿದೆ. ಹಳ್ಳಿಯ ಮೇಷ್ಟ್ರು, ಅಂಗಡಿಯವರು, ಜಮೀನ್ದಾರರು, ಅಂದರೆ ನಾಲ್ಕಕ್ಷರ ಬಲ್ಲ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಜನ, ತಮ್ಮ ಬಿಡುವಿನ ಹೊತ್ತಿನಲ್ಲಿ ಸಮಾಜಸೇವೆಯೆಂದು ಒಂದಿಷ್ಟು ಸರಳ ಲೆಕ್ಕ ಇಟ್ಟು ಊರಿನ ಅಂಚೆ ನೋಡಿಕೊಳ್ಳುವುದು ಇದರ ಆಶಯವಂತೆ.

ಮೈಸೂರಿಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಅಂಚೆಯೊಳಗೆ ಕರಗಿತು. ನಮ್ಮ ಪಾಲಿಗೆ ಉಳಿದದ್ದು ‘ಅಂಚೆ’ ಎಂಬ ಪದ. ಬದಲಿಗೆ ಬಂದದ್ದು ಬಿಡುವಾಗಿರುವ ಮೇಷ್ಟ್ರು.

ಈಗ ಆ ಮೇಷ್ಟ್ರನ್ನು ಹುಡುಕಿ ನೋಡೋಣ. ಬೆಳಿಗ್ಗೆ ಮಕ್ಕಳಿಗೆ ಹಾಲು ಕಾಯಿಸಿ ಕೊಡಬೇಕು, ಮಧ್ಯಾಹ್ನ ಮೊಟ್ಟೆ ತಿನ್ನುವವರೆಷ್ಟು ಬಾಳೆಹಣ್ಣು ತಿನ್ನುವವರೆಷ್ಟು ಎಂದು ಎಣಿಸಬೇಕು, ಸಂಜೆ ಮತದಾರರ ಪಟ್ಟಿ ಹಿಡಿದು ಬೀದಿ ಸುತ್ತಬೇಕು. 2025ರ ಜಾತಿ ಸಮೀಕ್ಷೆಯಲ್ಲಂತೂ ಮನೆಮನೆಗೆ ಹೋಗಿ ಅರವತ್ತು ಪ್ರಶ್ನೆ ಕೇಳಿ ಬಂದರು. ಅಂಚೆ ಇಲಾಖೆ ಕಂಡುಹಿಡಿದ ತಂತ್ರವನ್ನು ಉಳಿದ ಇಲಾಖೆಗಳೆಲ್ಲ ಕಲಿತು ಮೇಷ್ಟ್ರನ್ನು ಹಂಚಿಕೊಂಡಿವೆ. ಮೂಲ ಶೋಧಕರಿಗೇ ಪಾಲು ತಪ್ಪಿದ್ದು ವಿಷಾದದ ಸಂಗತಿ.

ಮೇಷ್ಟ್ರು ಸಿಗದಿದ್ದರೂ ನಿಯಮ ಮಾತ್ರ ಮೇಷ್ಟ್ರಿಗಾಗಿಯೇ ಕಾದು ಕುಳಿತಿದೆ. ಶಾಖಾ ಅಂಚೆ ಕಚೇರಿಗೆ ಆಯ್ಕೆಯಾದವರು ಇವತ್ತಿಗೂ ಮುಚ್ಚಳಿಕೆ ಬರೆದುಕೊಡಬೇಕು: ಇಲಾಖೆ ಕೊಡುವ ದುಡ್ಡಲ್ಲದೆ ತನ್ನನ್ನೂ ಕುಟುಂಬವನ್ನೂ ಸಾಕಲು ಬೇರೆ ಆದಾಯವಿದೆ, ಎಂದು. ಕೆಲಸ ಬೇಕೆಂದು ಅರ್ಜಿ ಹಾಕಿದ ನಿರುದ್ಯೋಗಿ, ತನಗೆ ಈ ಕೆಲಸದ ದುಡ್ಡಿನ ಅಗತ್ಯವಿಲ್ಲವೆಂದು ಸಹಿ ಹಾಕಿದ ಮೇಲೆ ಕೆಲಸ ಸಿಗುತ್ತದೆ. ಮದುವೆ ಮಂಟಪದಲ್ಲಿ ಕೂತು ‘ನನಗೆ ಬೇರೆ ಸಂಸಾರವಿದೆ’ ಎಂದು ಬರೆದುಕೊಟ್ಟ ಹಾಗೆ.

ಇಷ್ಟರಲ್ಲಿ ಹೆಸರುಗಳು ಮಾತ್ರ ಭರ್ಜರಿಯಾಗಿ ಬದಲಾಗಿವೆ. 2001ರಲ್ಲಿ ಏಜೆಂಟ್ ಹೋಗಿ ‘ಗ್ರಾಮೀಣ ಡಾಕ್ ಸೇವಕ’ ಬಂದ. ಜೊತೆಗೆ ನಿಯಮಾವಳಿಯ ತಲೆಬರಹವನ್ನೂ ಗಮನಿಸಬೇಕು. 1964ರಲ್ಲಿ ಅದು ‘ನಡತೆ ಮತ್ತು ಸರ್ವಿಸ್’ ನಿಯಮಗಳು. 2001ಕ್ಕೆ ‘ನಡತೆ ಮತ್ತು ಎಂಪ್ಲಾಯ್‌ಮೆಂಟ್’. 2011ಕ್ಕೆ ‘ನಡತೆ ಮತ್ತು ಎಂಗೇಜ್‌ಮೆಂಟ್’, 2020ರಲ್ಲೂ ಅದೇ. ಮೊದಲು ಸೇವೆ, ಆಮೇಲೆ ಉದ್ಯೋಗ, ಈಗ ಬರೀ ನಿಶ್ಚಿತಾರ್ಥ. ಮದುವೆಯ ಮಾತೇ ಇಲ್ಲ. ನಡತೆ ಮಾತ್ರ ನಾಲ್ಕೂ ಸಲ ಮೊದಲ ಸಾಲಿನಲ್ಲೇ ಕೂತಿದೆ.

ಈ ನಿಘಂಟಿನಲ್ಲಿ ಇನ್ನಷ್ಟು ರತ್ನಗಳಿವೆ. ಸಂಬಳಕ್ಕೆ ಸಂಬಳ ಅನ್ನುವಂತಿಲ್ಲ. ಅದು ‘ಟೈಮ್ ರಿಲೇಟೆಡ್ ಕಂಟಿನ್ಯುಟಿ ಅಲೋಯನ್ಸ್’, ಚಿಕ್ಕದಾಗಿ ಟಿಆರ್‌ಸಿಎ. ನಾಲ್ಕು ಗಂಟೆಯ ಶಾಖೆಯ ಪೋಸ್ಟ್ ಮಾಸ್ಟರಿಗೆ 12,000 ರೂಪಾಯಿಯಿಂದ ಶುರು, ಐದು ಗಂಟೆಯದಾದರೆ 14,500, ಮೇಲೆ ತುಟ್ಟಿಭತ್ಯೆ. ಅಮಾನತಿಗೆ ಅಮಾನತು ಅನ್ನುವಂತಿಲ್ಲ, ‘ಪುಟ್ ಆಫ್ ಡ್ಯೂಟಿ’, ದೀಪ ಆರಿಸಿದ ಹಾಗೆ. ಆ ಅವಧಿಯಲ್ಲಿ ಕೈಗೆ ಬರುವ ಕಾಲು ಭಾಗ ದುಡ್ಡು ‘ಎಕ್ಸ್‌ಗ್ರೇಷಿಯಾ’, ಅಂದರೆ ಕೃಪೆಯಿಂದ ಕೊಟ್ಟದ್ದು. 65 ತುಂಬಿ ಮನೆಗೆ ಹೋಗುವಾಗ ಸಿಗುವುದರ ಹೆಸರು ಇನ್ನೂ ಸೊಗಸು: ‘ಎಕ್ಸ್‌ಗ್ರೇಷಿಯಾ ಗ್ರಾಚುಟಿ’. ಎರಡೂ ಪದಗಳ ಬುಡದಲ್ಲಿ ಕೃಪೆಯೇ ಇರುವುದರಿಂದ ಇದನ್ನು ‘ಕೃಪೆಯಿಂದ ಕೊಡುವ ಕೃಪೆ’ ಎನ್ನಬಹುದು. ದೇವಸ್ಥಾನದಲ್ಲೂ ಪ್ರಸಾದಕ್ಕೆ ಇಷ್ಟು ವಿಶೇಷಣ ಇರುವುದಿಲ್ಲ.

ಇನ್ನು ಆ ‘ಸರಳ ಲೆಕ್ಕ’ದ ವಿಚಾರ. ನಿಯಮದ ಪ್ರಕಾರ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಾಗಿಲು ತೆಗೆದ ಕೂಡಲೇ ಠಸ್ಸೆ ತಿರುಗಿಸಬೇಕು. ಅದರ ಹೊಟ್ಟೆಯೊಳಗಿನ ಪುಟ್ಟ ಲೋಹದ ಅಂಕಿಗಳನ್ನು ತೆಗೆದು ಇವತ್ತಿನ ತಾರೀಖು ಕೂರಿಸಿ, ಪುಸ್ತಕದಲ್ಲಿ ಒಂದು ಅಚ್ಚು ಒತ್ತಿಡಬೇಕು. ಮರೆತರೆ ಆವತ್ತು ಕಟ್ಟಿದ ಹಣವೆಲ್ಲ ನಿನ್ನೆಯೇ ಬಂದಂತಾಗುತ್ತದೆ. ಆಮೇಲೆ ಉಪ ಅಂಚೆ ಕಚೇರಿಯಿಂದ ಚೀಲ ಬರುತ್ತದೆ. ಬಿಚ್ಚುವ ಮೊದಲು ಮೊಹರು ನೋಡಬೇಕು. ಅರಗು ಒಡೆದಿದ್ದರೆ ಚೀಲ ತಂದವನ ಎದುರಿಗೇ ಬರೆದಿಡಬೇಕು, ಇಲ್ಲದಿದ್ದರೆ ಒಳಗೆ ಕಡಿಮೆಯಾದದ್ದು ನಿಮ್ಮ ತಲೆಗೆ. ಒಳಗಿನ ಸ್ಲಿಪ್ಪಿನಲ್ಲಿ ಬರೆದ ನಗದು, ಸ್ಪೀಡ್ ಪೋಸ್ಟ್ ಲಕೋಟೆ, ಪಾರ್ಸೆಲ್ಲು ಒಂದೊಂದೇ ತಾಳೆ ನೋಡಬೇಕು.

ಪಿಂಚಣಿ ಹಂಚುವ ದಿನ ಈ ಸರಳ ಲೆಕ್ಕ ವೇದಾಂತವಾಗುತ್ತದೆ. ಶಾಖೆಯಲ್ಲಿ ಇಂತಿಷ್ಟೇ ನಗದು ಇಟ್ಟುಕೊಳ್ಳಬಹುದೆಂದು ಮಿತಿ ಇದೆ. ಮೀರಿದರೆ ಯಾಕೆ ಉಳಿಸಿಕೊಂಡೆ ಎಂದು ಕಾರಣ ಬರೆಯಬೇಕು. ಮೀರದಂತೆ ಇಟ್ಟರೆ ಜಗಲಿಯ ಮೇಲೆ ಕೂತ ನಲವತ್ತು ಅಜ್ಜಿಯರಲ್ಲಿ ಹದಿನೈದು ಜನಕ್ಕೆ ದುಡ್ಡು ಮುಗಿಯುತ್ತದೆ. ಬೆರಳಚ್ಚು ಕೊಟ್ಟು ಹಣ ತೆಗೆಯೋಣವೆಂದರೆ ಐವತ್ತು ವರ್ಷ ಕಳೆ ಕಿತ್ತ ಬೆರಳಿನಲ್ಲಿ ಗೆರೆಯೇ ಇರುವುದಿಲ್ಲ. ಯಂತ್ರ ಒಪ್ಪುವುದಿಲ್ಲ. ಸೋಪು ಹಾಕಿ ತೊಳೆಸಿ, ಸೆರಗಿನಲ್ಲಿ ಒರೆಸಿ, ಬಲಗೈ ಹೆಬ್ಬೆಟ್ಟು ಬಿಟ್ಟು ಎಡಗೈ ಉಂಗುರ ಬೆರಳು ಇಡಿಸಿ ಹತ್ತು ಸಲ ಒತ್ತಿಸುತ್ತಿರುವಾಗ ಸಿಗ್ನಲ್ ಹೋಗುತ್ತದೆ. ಮಲೆನಾಡಿನ ಎಷ್ಟೋ ಶಾಖೆಗಳಲ್ಲಿ ಅಂಚೆ ಕಚೇರಿ ಒಂದು ಕಡೆ, ಅದರ ನೆಟ್‌ವರ್ಕ್ ಇನ್ನೊಂದು ಕಡೆ, ಗುಡ್ಡದ ನೆತ್ತಿಯ ಹಲಸಿನ ಮರದ ಬುಡದಲ್ಲಿ. ಬ್ರಿಟಿಷರ ಕಾಲದ ಹರಿಕಾರ ಗೆಜ್ಜೆ ಕಟ್ಟಿದ ಈಟಿ ಹಿಡಿದು ಕಾಡಿನಲ್ಲಿ ಓಡುತ್ತಿದ್ದ. ಇವರು ಡಿವೈಸ್ ಎತ್ತಿ ಹಿಡಿದುಕೊಂಡು ಓಡುತ್ತಾರೆ, ಗೆಜ್ಜೆ ಇಲ್ಲ.

ಸಂಜೆ ದಿನದ ಲೆಕ್ಕ ಮುಗಿಸಬೇಕು, ಪೆಟ್ಟಿಗೆಯ ದುಡ್ಡು ರೂಪಾಯಿಗೆ ರೂಪಾಯಿ ಕೂಡಬೇಕು. ಹತ್ತು ರೂಪಾಯಿ ಕಡಿಮೆಯಾದರೆ ಸ್ವಂತ ಜೇಬಿನಿಂದ ಕಟ್ಟುವುದು. ಹತ್ತು ಜಾಸ್ತಿಯಾದರೆ ಸರ್ಕಾರಕ್ಕೆ ಜಮಾ. ಆ ಕ್ಷಣಕ್ಕೆ ಮಾತ್ರ ಅವರು ಪೂರ್ತಿ ಸರ್ಕಾರಿ ಮನುಷ್ಯರು. ಕೊನೆಗೆ ಚೀಲದ ಬಾಯಿಗೆ ಹುರಿ ಬಿಗಿದು, ಮೇಣದಬತ್ತಿಯಲ್ಲಿ ಅರಗು ಕರಗಿಸಿ, ಗಂಟಿನ ಮೇಲೆ ಬಿಟ್ಟು ಮೊಹರು ಒತ್ತಬೇಕು. ಹಿತ್ತಾಳೆ ಮೊಹರನ್ನು ಒದ್ದೆ ಮಾಡದೆ ಒತ್ತಿದಿರೋ, ಅರಗು ಅದಕ್ಕೇ ಅಂಟಿಕೊಂಡು ಕಿತ್ತು ಬರುತ್ತದೆ; ಮತ್ತೆ ಮೊದಲಿಂದ. ಬಸ್ಸು ಹಾರ್ನ್ ಹೊಡೆಯುವುದು ಸರಿಯಾಗಿ ಆಗಲೇ.

ಇದು ಅಂಚೆಯ ಕೆಲಸ ಮಾತ್ರ. ಉಳಿತಾಯ ಖಾತೆ ಮೇಳ, ಗ್ರಾಮೀಣ ಅಂಚೆ ವಿಮೆ, ಸುಕನ್ಯಾ ಸಮೃದ್ಧಿ, ಪೇಮೆಂಟ್ಸ್ ಬ್ಯಾಂಕು, ಇವುಗಳ ಟಾರ್ಗೆಟ್ಟು ಬೇರೆ. ಅದು ನಾಲ್ಕು ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ಅದು ವಾಟ್ಸ್ಆ್ಯಪ್ ಗುಂಪಿನಲ್ಲಿ ರಾತ್ರಿ ಒಂಬತ್ತಕ್ಕೆ ಬರುತ್ತದೆ. ಆ ಹೊತ್ತಿಗೆ ಬಿಡುವಾಗಿರುತ್ತಾರಲ್ಲ!

ಆಯ್ಕೆಯ ಕ್ರಮವೂ ಸರಳವೇ. ಪರೀಕ್ಷೆಯಿಲ್ಲ, ಸಂದರ್ಶನವಿಲ್ಲ, ಹತ್ತನೇ ತರಗತಿಯ ಅಂಕ ಸಾಕು. ಸೈಕಲ್ ತುಳಿಯಲು ಬರಬೇಕು. ಬೈಕು ಓಡಿಸಬಲ್ಲವರಿಗೆ ಸೈಕಲ್ಲೂ ಬರುತ್ತದೆಂದು ಇಲಾಖೆ ಉದಾರವಾಗಿ ನಂಬುತ್ತದೆ. ಆದರೆ ಹತ್ತನೆಯಲ್ಲಿ ಶೇಕಡ 98 ತೆಗೆದವರು ಸುಮ್ಮನೆ ಕೂರುವ ಪೈಕಿಯಲ್ಲ. ಅವರು ಪಿಡಿಒ, ಬ್ಯಾಂಕು, ರೈಲ್ವೆ ಎಲ್ಲದಕ್ಕೂ ಅರ್ಜಿ ಹಾಕಿರುತ್ತಾರೆ. ಪಟ್ಟಿಯಲ್ಲಿ ಹೆಸರು ಬರುತ್ತದೆ, ಊರನ್ನು ಮ್ಯಾಪಿನಲ್ಲಿ ಹುಡುಕುತ್ತಾರೆ, ಅರ್ಧ ಜನ ಅಲ್ಲಿಗೇ ನಿಲ್ಲುತ್ತಾರೆ. ಎರಡನೇ ಪಟ್ಟಿ, ಮೂರನೇ ಪಟ್ಟಿ. ಬಂದವರೂ ಠಸ್ಸೆ ತಿರುಗಿಸುವುದು ಕಲಿಯುವ ಹೊತ್ತಿಗೆ ಬೇರೆ ಕೆಲಸ ಸಿಕ್ಕಿ ಹೊರಡುತ್ತಾರೆ. ಖಾಲಿ ಬಿದ್ದ ಶಾಖೆಯ ಹೊಣೆ ಪಕ್ಕದ ಶಾಖೆಯವರಿಗೆ. ಅಲ್ಲೊಂದು ನಾಲ್ಕು ಗಂಟೆ, ಇಲ್ಲೊಂದು ನಾಲ್ಕು ಗಂಟೆ, ನಿಯಮದ ಮಿತಿ ಐದು. ಈ ಗಣಿತ ಹತ್ತನೇ ತರಗತಿಯಲ್ಲಿ ಶೇಕಡ 98 ತೆಗೆದವರಿಗೂ ಬಿಡಿಸಲಾಗಿಲ್ಲ.

ಇವರು ಯಾರು ಎಂಬ ಪ್ರಶ್ನೆ ದೊಡ್ಡವರ ಮುಂದೆ ಹೋಗದೆ ಇಲ್ಲ. 1977ರಲ್ಲೇ ಸುಪ್ರೀಂ ಕೋರ್ಟು, ಇವರು ದಿನಗೂಲಿಗಳಲ್ಲ, ಇವರದು ಸರ್ಕಾರದ ಅಧೀನದ ಸಿವಿಲ್ ಹುದ್ದೆ ಎಂದು ಹೇಳಿತು. ಇಲಾಖೆ ತೀರ್ಪಿಗೆ ತಲೆಬಾಗಿ, ಇವರು ಕೇಂದ್ರದ ಸಿವಿಲ್ ಸೇವೆಯ ಹೊರಗಿನವರು, ಕೇಂದ್ರ ನೌಕರರ ಸಮಾನ ನಮಗೂ ಬೇಕೆಂದು ಕೇಳುವಂತಿಲ್ಲ ಎಂದು ನಿಯಮದಲ್ಲಿ ಬರೆದುಕೊಂಡಿತು. 2018ರ ಮೇ 22ರಿಂದ ಹದಿನಾರು ದಿನ ಇವರು ಮುಷ್ಕರ ಕೂತಾಗ ಹಳ್ಳಿಯ ಅಂಚೆಯೆಲ್ಲ ಸ್ತಬ್ಧ. ಹೊರಗಿನವರು ಹೊರಗೆ ಹೋದಾಗಲೇ ಒಳಗೆ ಯಾರೂ ಇಲ್ಲವೆಂದು ತಿಳಿದದ್ದು. ಬ್ರಿಟಿಷರ 1898ರ ಅಂಚೆ ಕಾಯ್ದೆಯನ್ನು ತೆಗೆದುಹಾಕಿ 2024ರ ಜೂನ್ 18ರಿಂದ ಹೊಸದನ್ನು ಜಾರಿ ಮಾಡಿದ್ದೂ ಆಯಿತು, ಗುಲಾಮಿ ಗುರುತು ಅಳಿಸಿತೆಂದು ಸಂಭ್ರಮಿಸಿದ್ದೂ ಆಯಿತು. ಡಾಲ್‌ಹೌಸಿಯ ಮೇಷ್ಟ್ರನ್ನು ಅಳಿಸಲು ಯಾರಿಗೂ ಬಿಡುವಾಗಲಿಲ್ಲ.

ಇನ್ನೊಂದು ಕಲಮು ಉಳಿಯಿತು: ಕಚೇರಿಗೆ ಜಾಗವನ್ನೂ ಪೋಸ್ಟ್ ಮಾಸ್ಟರೇ ಒದಗಿಸಬೇಕು. ಬಾಡಿಗೆ, ಕರೆಂಟು, ಮೊಬೈಲು ಎಲ್ಲಕ್ಕೂ ಸೇರಿಸಿ ಕೆಲವು ನೂರು ರೂಪಾಯಿ ಭತ್ಯೆ. ಹೀಗಾಗಿ ಊರಿನ ಅಂಚೆ ಕಚೇರಿ ಎಂದರೆ ಯಾರದೋ ಮನೆಯ ಜಗಲಿ. ಅವರು ನಿವೃತ್ತರಾದ ದಿನ ಕೆಂಪು ಡಬ್ಬಿ, ಬೋರ್ಡು, ತಕ್ಕಡಿ, ನಗದು ಪೆಟ್ಟಿಗೆ ಎಲ್ಲ ಗೂಡ್ಸ್ ಆಟೋ ಹತ್ತಿ ಹೊಸಬರ ಮನೆ ಹುಡುಕಿಕೊಂಡು ಹೊರಡುತ್ತವೆ. ಹೊಸಬರು ಕಲಬುರಗಿ ಕಡೆಯ ಹುಡುಗಿ ಎಂದುಕೊಳ್ಳಿ, ಊರು ತೀರ್ಥಹಳ್ಳಿ ಕಡೆಯದು. ಜಗಲಿ ಬಾಡಿಗೆಗೆ ಕೇಳಲು ಹೋದಾಗ ಮನೆಯ ಅಮ್ಮ ಎಲೆಯಡಿಕೆ ಹಾಕಿಕೊಂಡು ವಿಚಾರಿಸುತ್ತಾರೆ:

“ಸಂಬಳ ಎಷ್ಟು ಬರ್ತದೆ ಮಾರಾಯ್ತಿ?”

“ಸಂಬಳ ಅಲ್ರೀ ಅಮ್ಮಾ, ಟಿಆರ್‌ಸಿಎ ಅಂತ ಬರ್ತದ್ರೀ.”

“ಅದೆಂತದು? ಸರ್ಕಾರಿ ಕೆಲ್ಸ ಹೌದಾ ಅಲ್ವಾ?”

“ಸುಪ್ರೀಂ ಕೋರ್ಟ್ ಹೌದು ಅಂದದ್ರೀ. ಇಲಾಖೆಯವ್ರು ಅಲ್ಲ ಅಂತಾರ್ರೀ.”

“ಹಾಗಾದ್ರೆ ಒಂದು ಕೆಲ್ಸ ಮಾಡು. ಎರಡು ತಿಂಗಳ ಅಡ್ವಾನ್ಸು ಆ ಸುಪ್ರೀಂ ಕೋರ್ಟಿನವ್ರ ಹತ್ರಾನೇ ಇಸ್ಕೊಂಡು ಬಾ.”