ಜಿನ್ನಿಗೂ ಜಿನ್ನಿಗೂ ನಂಟಿಲ್ಲ

‘ಜಿನ್’ ಎಂಬ ಪದವನ್ನು ಅಮೆರಿಕದ ಎಲಿ ವಿಟ್ನಿ, ಹತ್ತಿಯಿಂದ ಬೀಜ ಬೇರ್ಪಡಿಸುವ ತನ್ನ ಯಂತ್ರಕ್ಕಾಗಿ ಹೊಸದಾಗಿ ಸೃಷ್ಟಿಸಿದನೆಂದು ಲೇಖನವೊಂದರಲ್ಲಿ ಬರೆದಿರುವುದನ್ನು ಒಪ್ಪಲಾಗದು. ವಿಟ್ನಿಗೆ ಪೇಟೆಂಟ್ ದೊರೆತದ್ದು 1794ರಲ್ಲಿ. ಆದರೆ ಜಾಣ್ಮೆ ಎಂಬರ್ಥದ ಲ್ಯಾಟಿನ್ನಿನ ‘ಇಂಗೇನಿಯುಮ್’ ಹಳೆಯ ಫ್ರೆಂಚಿನಲ್ಲಿ ‘ಎಂಜಿನ್’ ಆಗಿ, ಇಂಗ್ಲಿಷಿಗೆ ಬಂದು ಮೊದಲ ಅಕ್ಷರ ಕಳೆದುಕೊಂಡು ‘ಜಿನ್’ ಆದದ್ದು ಅದಕ್ಕಿಂತ ಶತಮಾನಗಳಷ್ಟು ಹಿಂದೆ, ಮತ್ತು ಆಗ ಅದಕ್ಕೆ ಉಪಾಯ, ಬೇಟೆಯ ಬೋನು ಎಂಬ ಅರ್ಥಗಳೂ ಇದ್ದವು. ಕುಡಿಯುವ ಜಿನ್ ಬೇರೆ. ಅದು ಜೂನಿಪರ್ ಗಿಡದಿಂದ ಹೆಸರು ಪಡೆದ ಡಚ್ಚರ ‘ಯೆನೇವರ್’ನ ಮೊಟಕು ರೂಪ. ಗದಗಿನಲ್ಲಿ ನಮ್ಮಜ್ಜ ಚಕ್ಕಡಿಗೆ ಹತ್ತಿ ಅಂಡಿಗೆ ಹೇರಿ ‘ಜಿನ್ನಿಗೆ ಹೋಗಿ ಬರ್ತೇನಿ’ ಎಂದಾಗ ಮೈಸೂರು ಕಡೆಯ ಬೀಗರು ಮುಖ ಮುಖ ನೋಡಿಕೊಂಡದ್ದು ನೆನಪಿದೆ. ನಮ್ಮಲ್ಲಿ ಆ ಮಾತಿಗೆ ಯಂತ್ರವಷ್ಟೇ ಅಲ್ಲ, ಅರಳೆಯ ದೂಳು ತೇಲುವ ಇಡೀ ಕಾರ್ಖಾನೆಯೇ ಅರ್ಥ.