ಅಳತೆಯೆಂಬ ಪರಮ ರಹಸ್ಯ

ಕರಾಟೆ ಡ್ರೆಸ್ಸನ್ನು ಆನ್‌ಲೈನ್‌ನಲ್ಲಿ ಮಾರುವ ಮಹನೀಯರು ಅದರ ಬಣ್ಣ ಬಿಳಿ ಎಂಬುದನ್ನು ನಾಲ್ಕು ಸಾಲುಗಳಲ್ಲಿ ವರ್ಣಿಸುತ್ತಾರೆ, ಜೊತೆಗೊಂದು ಬೆಲ್ಟ್ ಉಚಿತವೆಂದು ದಪ್ಪಕ್ಷರಗಳಲ್ಲಿ ಸಾರುತ್ತಾರೆ. ತೋಳಿನ ಉದ್ದವೆಷ್ಟೆಂದು ಕೇಳಿದರೆ ‘ಸೈಜ್ 34’ ಎಂದುಸುರಿ ಮೌನವ್ರತ ಹಿಡಿಯುತ್ತಾರೆ. ಆ 34 ಎದೆಯ ಸುತ್ತಳತೆಯೋ, ಅಂಗಿಯ ಉದ್ದವೋ, ಗೋದಾಮಿನ ಕಪಾಟಿನ ಸಂಖ್ಯೆಯೋ ಎಂಬುದನ್ನು ಗ್ರಾಹಕರು ಧ್ಯಾನದಿಂದಲೇ ಅರಿಯಬೇಕು.

ಜಪಾನಿನಿಂದ ಬಂದ ಪದ್ಧತಿಯಲ್ಲಿ 3 ಎಂದರೆ ಸುಮಾರು 160 ಸೆಂ.ಮೀ. ಎತ್ತರದವರ ಉಡುಪು, 0 ಎಂದರೆ 130, 000 ಎಂದರೆ 110. ಸೊನ್ನೆ ಹೆಚ್ಚಿದಂತೆಲ್ಲ ಮಗು ಗಿಡ್ಡವಾಗುವ ಈ ಗಣಿತವನ್ನಾದರೂ ಕಲಿತುಬಿಡಬಹುದು. ಆದರೆ ಒಂದೇ ಎತ್ತರದ ಸಣಕಲನಿಗೂ ಸ್ಥೂಲಕಾಯನಿಗೂ ಒಂದೇ ಸಂಖ್ಯೆ ದಯಪಾಲಿಸುವ ಸಮದರ್ಶಿತ್ವ ವೇದಾಂತಿಗಳಿಗೂ ಸುಲಭವಲ್ಲ.

ವಿಶ್ವ ಕರಾಟೆ ಒಕ್ಕೂಟಕ್ಕೆ ಇಂಥ ವೈರಾಗ್ಯವಿಲ್ಲ. ಅದರ ನಿಯಮದಂತೆ ತೋಳು ಮಣಿಕಟ್ಟನ್ನು ದಾಟಬಾರದು, ಮುಂಗೈಯ ಅರ್ಧಕ್ಕಿಂತ ಮೇಲೇರಬಾರದು. ಪ್ಯಾಂಟು ಮೊಣಕಾಲಿನ ಕೆಳಗಿನ ಕಾಲನ್ನು ಮೂರನೇ ಎರಡು ಭಾಗವಾದರೂ ಮುಚ್ಚಬೇಕು, ಹರಡಿನ ಮೂಳೆಗಿಂತ ಕೆಳಗಿಳಿಯಬಾರದು. ಉದ್ದವಾಯಿತೆಂದು ಮಡಚಿಕೊಳ್ಳುವಂತೆಯೂ ಇಲ್ಲ. ಜೂಡೋದವರಂತೂ ಅಂಗಿಯನ್ನು ಪರೀಕ್ಷಿಸಲೆಂದೇ ‘ಸೊಕುತೇಕಿ’ ಎಂಬ ಉಪಕರಣ ಇಟ್ಟುಕೊಂಡಿದ್ದಾರೆ. ಮಾರುವವರ ಬಳಿ ಟೇಪೂ ಇಲ್ಲ, ಅಥವಾ ಇದ್ದರೂ ಅದು ವ್ಯಾಪಾರ ರಹಸ್ಯ.

ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಬೆನ್ನಿನ ನಡುವಿನಿಂದ ತೋಳಿನ ತುದಿಯವರೆಗೆ, ಭುಜದಿಂದ ಅಂಚಿನವರೆಗೆ, ಎದೆಯ ಅಗಲ, ಸೊಂಟದ ಸುತ್ತಳತೆ, ಪ್ಯಾಂಟಿನ ಒಳಗಾಲಿನ ಉದ್ದ, ಇಷ್ಟನ್ನು ಸೆಂಟಿಮೀಟರಿನಲ್ಲಿ ಬರೆದರೆ ಸಾಕು. ಬೀದಿ ತುದಿಯ ದರ್ಜಿ ಒಂದು ರವಿಕೆಗೆ ಇದಕ್ಕಿಂತ ಹೆಚ್ಚನ್ನು ಗೀಚಿಕೊಳ್ಳುತ್ತಾನೆ. ಇಲ್ಲಿ ಬದಲಿಗೆ ಪ್ರಶ್ನೋತ್ತರವುಂಟು: ‘ಹತ್ತು ವರ್ಷದ ಹುಡುಗನಿಗೆ ಯಾವ ಸೈಜ್?’ ಎಂದು ತಾಯಿಯೊಬ್ಬರು ಕೇಳಿದರೆ, ‘ಹೌದು ಮೇಡಂ, ಬಟ್ಟೆ ತುಂಬಾ ಚೆನ್ನಾಗಿದೆ’ ಎಂಬ ಉತ್ತರ.

ಹತ್ತಿಯದಾದ್ದರಿಂದ ‘ಒಗೆದ ಮೇಲೆ ಸ್ವಲ್ಪ ಕುಗ್ಗಬಹುದು, ಒಂದು ಸೈಜ್ ದೊಡ್ಡದು ಕೊಳ್ಳಿ’ ಎಂಬ ಸಲಹೆಯೂ ಕೆಳಗಿರುತ್ತದೆ. ಯಾವುದಕ್ಕಿಂತ ದೊಡ್ಡದು, ಎಷ್ಟು ಸ್ವಲ್ಪ ಎಂದು ಕೇಳುವುದು ಅಧಿಕಪ್ರಸಂಗ. ಅಳತೆಗೆ ಜಾಗವಿಲ್ಲದ ಅದೇ ಪುಟದಲ್ಲಿ ವಾಪಸಾತಿಯ ಕಾರಣಗಳ ಪಟ್ಟಿಗೆ ಜಾಗ ಸಿಕ್ಕಿದೆ, ‘ಸೈಜ್ ಸರಿಹೊಂದಲಿಲ್ಲ’ ಎಂಬುದೇ ಅದರ ಮೊದಲ ಸಾಲು. ಷರತ್ತು ಒಂದೇ: ಒಗೆದ ಬಟ್ಟೆಯನ್ನು ವಾಪಸು ಪಡೆಯುವುದಿಲ್ಲ.